ತಾತನ ಅಂಗೈಯಲ್ಲಿ ಅಳಿಲು

ತಪ್ಪು ನನ್ನದೇ, ಅದನ್ನ ಮೊದಲೇ ಹೇಳಿಬಿಡುತ್ತೇನೆ.

ಹೋದ ಬೇಸಿಗೆಯಲ್ಲಿ ಎರಡು ತಿಂಗಳು ವರ್ಕ್ ಫ್ರಮ್ ಹೋಮ್ ಸಿಕ್ಕಿತ್ತು. ಬೆಂಗಳೂರಿನ ಪಿಜಿ ಖಾಲಿ ಮಾಡಿ ಊರಿಗೆ ಬಂದೆ. ನಮ್ಮೂರು ಗಾದಿಗನೂರು. ಹೊಸಪೇಟೆಯಿಂದ ಬಳ್ಳಾರಿ ಕಡೆ ಹೊರಟರೆ ತೋರಣಗಲ್ಲಿಗಿಂತ ಮುಂಚೆ ಸಿಗುತ್ತದೆ. ಹಿತ್ತಲಿನ ಬೇವಿನ ಮರದ ಒಂದು ಕೊಂಬೆ ನನ್ನ ಕೋಣೆ ಕಿಟಕಿಗೆ ಬಡಿಯುತ್ತಿತ್ತು. ಗಾಳಿ ಬಿಟ್ಟಾಗಲೆಲ್ಲ ಮೀಟಿಂಗ್ ನಡುವೆ ಟಪಟಪ ಸದ್ದು. ಆಳು ಕರೆದು ಕಡಿಸಿಬಿಟ್ಟೆ.

ಕೊಂಬೆ ಜೊತೆ ಒಂದು ಗೂಡೂ ಬಿತ್ತು. ತೆಂಗಿನ ನಾರು, ಹತ್ತಿ, ಅಕ್ಕನ ಹಳೇ ಸೀರೆಯ ಹಸಿರು ದಾರ. ಅದರೊಳಗೆ ಮೂರು ಅಳಿಲು ಮರಿ. ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಬೆನ್ನ ಮೇಲಿನ ಗೆರೆಗಳು ಮಾತ್ರ ಆಗಲೇ ಮೂಡಿದ್ದವು.

ತಾಯಿ ಅಳಿಲು ಗೋಡೆ ಮೇಲೆ ಬಾಲ ಕುಣಿಸುತ್ತ ಒಂದೇ ಸಮನೆ ಕೂಗುತ್ತಿತ್ತು. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸಿಕೊಳ್ಳುವುದಿಲ್ಲ ಅಂತ ಚಿಕ್ಕಂದಿನಿಂದ ಕೇಳಿದ್ದೆ. ಹಾಗಾಗಿ ಮರಿಗಳನ್ನು ಒಳಗೆ ತಂದು ಬಾಗಿಲು ಹಾಕಿಕೊಂಡೆ. ಕೂಗು ಸಂಜೆವರೆಗೂ ಕೇಳಿಸುತ್ತಿತ್ತು.

ಆಮೇಲೆ ಎಲ್ಲರೂ ಮಾಡುವುದನ್ನೇ ಮಾಡಿದೆ. ಆಕಳ ಹಾಲು ಬಿಸಿ ಮಾಡಿ, ಇಂಕ್ ಫಿಲ್ಲರಿನಲ್ಲಿ ಮರಿಯನ್ನು ಅಂಗಾತ ಹಿಡಿದು ಕುಡಿಸಿದೆ. ಎಲ್ಲಕ್ಕಿಂತ ಸಣ್ಣ ಮರಿಯ ಮೂಗಿನಿಂದ ಹಾಲು ಹೊರಗೆ ಬಂತು. ಒರೆಸಿ ಮತ್ತೆ ಕುಡಿಸಿದೆ. ಬೆಳಗಾಗುವಷ್ಟರಲ್ಲಿ ಅದು ತಣ್ಣಗಾಗಿತ್ತು.

ತಾತ ಕೋಲೂರಿಕೊಂಡು ಬಂದು ನೋಡಿದರು. ಬೈಯಲಿಲ್ಲ. "ತಣ್ಣಗಿದ್ದ ಮರಿಗೆ ಹಾಲು ಹಾಕ್ತಾರೇನು? ಮೊದ್ಲು ಕಾವು ಕೊಡಬೇಕು" ಅಂದರು. ಉಳಿದ ಎರಡನ್ನೂ ಎತ್ತಿ ಅಂಗೈಯಲ್ಲಿಟ್ಟು, ಇನ್ನೊಂದು ಕೈ ಮುಚ್ಚಳದ ಹಾಗೆ ಮುಚ್ಚಿ ಕಟ್ಟೆ ಮೇಲೆ ಕೂತರು. ಅರ್ಧ ತಾಸು ಅಲುಗಾಡಲಿಲ್ಲ. ಎಂಬತ್ತು ದಾಟಿದ ಕೈ. ಚಹಾ ಲೋಟ ಹಿಡಿದರೆ ನಡುಗುತ್ತದೆ. ಅವತ್ತು ನಡುಗಲಿಲ್ಲ.

ಆ ಕೈಗೆ ಸಣ್ಣ ಪ್ರಾಣಿಗಳನ್ನ ಹಿಡಿದು ಗೊತ್ತು. ತಾತ ಬೇಟೆಗಾರರು. ಉಗಾದಿ ಕರಿ ದಿನ ಊರಿನ ಗಂಡಸರೆಲ್ಲ ನಾಯಿ, ಬಲೆ ಹಿಡಿದು ಸಂಡೂರು ಗುಡ್ಡದ ಕಡೆ ಹೋಗುತ್ತಿದ್ದ ಕಾಲವನ್ನು ಈಗಲೂ ಹೇಳುತ್ತಾರೆ. ಮೊಲಕ್ಕೆ ಉರುಲು, ಬುರ್ಲಿಗೆ ಬಲೆ, ಉಡಕ್ಕೆ ಬಿಲ ಅಗೆಯುವುದು. ತಂದದ್ದನ್ನು ಬೆಂಕಿಯಲ್ಲಿ ಸುಟ್ಟು ಕೂದಲು ತೆಗೆದು, ಅರಿಶಿಣ ಹಚ್ಚಿ, ಒಣಕೊಬ್ಬರಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹುರಿದು ಒರಳಲ್ಲಿ ರುಬ್ಬಿ ಹಾಕಿದರೆ ಮೂರು ಮನೆಗೆ ವಾಸನೆ ಹೋಗುತ್ತಿತ್ತಂತೆ. ಒಂದು ಮೊಲ, ಹದಿನೈದು ಬಾಯಿ. ತುಂಡು ಸಿಗದವರಿಗೆ ಸಾರು, ಜೋಳದ ರೊಟ್ಟಿ.

ಇದನ್ನು ಓದಿ ಮುಖ ಸಿಂಡರಿಸಬೇಡಿ. ನಮ್ಮ ಸೀಮೆಗೆ ಇದು ಹೊಸದಲ್ಲ. 16ನೇ ಶತಮಾನದಲ್ಲಿ ವಿಜಯನಗರ ನೋಡಿದ ಪೋರ್ಚುಗೀಸ್ ವ್ಯಾಪಾರಿ ಫೆರ್ನಾವೊ ನೂನಿಜ್ ಇಲ್ಲಿನ ಪೇಟೆಯ ಬಗ್ಗೆ ಬರೆದಿದ್ದಾನೆ. ಕೌಜುಗ, ಮೊಲ, ಲಾವುಗೆ, ಪಾರಿವಾಳ ಮಾತ್ರವಲ್ಲ, ಗುಬ್ಬಿ, ಇಲಿ, ಬೆಕ್ಕು, ಹಲ್ಲಿ ಜಾತಿಯವೂ ಅಲ್ಲಿ ಸಿಗುತ್ತಿದ್ದವಂತೆ. ಏನು ಕೊಳ್ಳುತ್ತಿದ್ದೇನೆ ಅಂತ ಗಿರಾಕಿಗೆ ಗೊತ್ತಾಗಲಿ ಎಂದು ಎಲ್ಲವನ್ನೂ ಜೀವಂತವಾಗಿಯೇ ಮಾರಬೇಕಿತ್ತು. ಹಂಪಿಗೆ ಹೋದರೆ ಮಹಾನವಮಿ ದಿಬ್ಬದ ಕಲ್ಲಿನಲ್ಲೂ ಬೇಟೆಯ ಸಾಲು ಕಾಣುತ್ತದೆ.

ಈಗ ಕಾಲ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಇಂಥ ಬೇಟೆ ಅಪರಾಧ. ಉಡವಂತೂ ಹುಲಿ ಇರುವ ಮೊದಲ ಪಟ್ಟಿಯಲ್ಲೇ ಇದೆ. ತಾತ ಉರುಲು ಬಿಟ್ಟು ಎಷ್ಟೋ ವರ್ಷವಾಯಿತು. ಈಗ ಕರಿ ದಿನ ಅದೇ ಖಾರಕ್ಕೆ ಜವಾರಿ ಕೋಳಿ ಬೀಳುತ್ತದೆ.

ಮರಿಗಳ ವಿಷಯಕ್ಕೆ ಬರುತ್ತೇನೆ. ಎರಡನೇ ದಿನ ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ಫೋನ್ ಮಾಡಿದೆ. ಆಮೇಲೆ ಹೊಸಪೇಟೆಯ ಒಬ್ಬ ಪಶುವೈದ್ಯರ ಹತ್ತಿರವೂ ಹೋದೆ. ವೈದ್ಯರು ಕೇಳಿದ ಮೊದಲ ಪ್ರಶ್ನೆ, "ತಾಯಿ ಎಲ್ಲಿ?"

ಮುಟ್ಟಿದ ಮರಿಯನ್ನು ತಾಯಿ ಬಿಡುತ್ತದೆ ಎಂಬುದು ಸುಳ್ಳಂತೆ. ಬಿದ್ದ ಮರಿಗೆ ಗಾಯವಿಲ್ಲದಿದ್ದರೆ, ಬಟ್ಟೆ ಹಾಸಿದ ಬುಟ್ಟಿಯಲ್ಲಿಟ್ಟು, ಬೆಕ್ಕಿಗೆ ಎಟುಕದ ಹಾಗೆ ಅದೇ ಮರಕ್ಕೆ ಕಟ್ಟಿ ದೂರ ಸರಿದರೆ, ತಾಯಿ ಬಂದು ಬಾಯಲ್ಲಿ ಕಚ್ಚಿಕೊಂಡು ಒಂದೊಂದನ್ನೇ ಒಯ್ಯುತ್ತದೆ. ನಾನು ಬುಟ್ಟಿ ಕಟ್ಟಿದ್ದು ಮೂರನೇ ದಿನ. ಗೋಡೆ ಮೇಲೆ ಯಾರೂ ಇರಲಿಲ್ಲ. ಸಂಜೆವರೆಗೆ ಕಾದೆ, ತಾಯಿ ಬರಲಿಲ್ಲ. ಮೊದಲ ದಿನವೇ ಕಟ್ಟಿದ್ದರೆ ಸತ್ತ ಮರಿಯೂ ಸೇರಿ ಮೂರೂ ಅದರ ಜೊತೆ ಹೋಗುತ್ತಿದ್ದವೇನೋ.

ಉಳಿದದ್ದನ್ನು ವೈದ್ಯರು ಹೇಳಿದಂತೆ ಮಾಡಿದೆ. ರಟ್ಟಿನ ಡಬ್ಬ, ಅದರ ಅರ್ಧಭಾಗಕ್ಕೆ ಮಾತ್ರ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ, ಸೆಕೆಯಾದರೆ ಮರಿ ಆಚೆ ಸರಿಯಲಿ ಅಂತ. ಮೊದಲು ಉಗುರುಬೆಚ್ಚಗಿನ ಓಆರ್‌ಎಸ್ ನೀರು. ಆಮೇಲೆ ಆಕಳ ಹಾಲಲ್ಲ, ನಾಯಿಮರಿಗಳಿಗೆ ಕೊಡುವ ಹಾಲಿನ ಪುಡಿ. ಆಕಳ ಹಾಲು ಅವಕ್ಕೆ ಒಗ್ಗದೆ ಭೇದಿಯಾಗುತ್ತದೆ. ಸೂಜಿ ತೆಗೆದ 1 ಎಂಎಲ್ ಸಿರಿಂಜಿನಲ್ಲಿ, ಮರಿ ಹೊಟ್ಟೆ ಕೆಳಗಾಗಿ ತಲೆ ಎತ್ತಿಕೊಂಡಿರುವಂತೆ ಹಿಡಿದು, ತುಟಿಗೆ ಹನಿಹನಿ. ಅಂಗಾತ ಹಿಡಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ನಾನು ಕೊಂದದ್ದು ಹಾಗೇ. ಪ್ರತಿ ಸಲ ಕುಡಿಸಿದ ಮೇಲೆ ಒದ್ದೆ ಹತ್ತಿಯಿಂದ ಹಿಂಭಾಗ ಮೆಲ್ಲಗೆ ಒರೆಸಬೇಕು. ಇಲ್ಲದಿದ್ದರೆ ಆ ವಯಸ್ಸಿನ ಮರಿಗೆ ಉಚ್ಚೆ ಹೊಯ್ಯಲೂ ಬರುವುದಿಲ್ಲ. ತಾಯಿ ನೆಕ್ಕಿ ಮಾಡಿಸುವ ಕೆಲಸ ಅದು.

ಎರಡೆರಡು ತಾಸಿಗೊಮ್ಮೆ ಅಲಾರಂ. ಸ್ಟ್ಯಾಂಡಪ್ ಮೀಟಿಂಗಿನಲ್ಲಿ ಕ್ಯಾಮೆರಾ ಆಫ್ ಮಾಡಿ ಹಾಲು ಕುಡಿಸಿದ್ದೇನೆ. ರಾತ್ರಿ ಪಾಳಿ ತಾತನದು, ಹೇಗೂ ನಿದ್ದೆ ಬರುವುದಿಲ್ಲ ಅಂತ. ಒಂದು ವಾರಕ್ಕೆ ದೊಡ್ಡ ಮರಿ ಕಣ್ಣು ಬಿಟ್ಟಿತು.

ಆ ಹೊತ್ತಿಗೇ ಅಕ್ಕ ಮಗನ ಜೊತೆ ರಜೆಗೆ ಬಂದಳು. ನಾಲ್ಕು ವರ್ಷದ ಹುಡುಗ, ಉಬ್ಬಸ ಇದೆ. ನಮ್ಮೂರಿನ ಕೆಂಪು ಧೂಳಿಗೆ ಎರಡನೇ ದಿನವೇ ಹೆಚ್ಚಾಯಿತು. ರಾತ್ರಿ ಎದೆ ಸುಯ್ ಸುಯ್ ಅನ್ನುತ್ತಿತ್ತು. ನೋಡಲು ಬಂದ ದೊಡ್ಡವ್ವ ಅಕ್ಕನ ಕಿವಿಯಲ್ಲಿ ಅಂದದ್ದು ನನಗೂ ಕೇಳಿಸಿತು: "ಅಳಿಲಿನ ಸಾರು ಮೂರು ದಿನ ಕುಡಿಸವ್ವ, ಕೆಮ್ಮು ಬುಡಸಮೇತ ಹೋಗ್ತೈತಿ. ಮನ್ಯಾಗ ಎರಡು ಅದಾವಲ್ಲ."

ಅವ್ವ ತಕ್ಷಣ, "ರಾಮ ಬೆನ್ನು ಸವರಿದ ಪ್ರಾಣಿ, ಏನ್ ಮಾತು ಅಂತ ಆಡ್ತಿ ಅಕ್ಕ" ಅಂದಳು. ಅಕ್ಕ ಮಾತಾಡಲಿಲ್ಲ. ಆದರೆ ಅವಳ ಕಣ್ಣು ಡಬ್ಬದ ಕಡೆ ಹೋದದ್ದನ್ನು ನೋಡಿದೆ. ಅವಳ ಮೇಲೆ ನನಗೆ ಸಿಟ್ಟು ಬಂತು. ಮಗ ಉಸಿರಿಗೆ ಒದ್ದಾಡುವಾಗ ತಾಯಿಯ ಕಣ್ಣು ಎಲ್ಲೆಲ್ಲಿ ಹೋಗುತ್ತದೆ ಅನ್ನುವುದು ನನಗೇನು ಗೊತ್ತು?

ತಾತ ಮೂಲೆಯಿಂದಲೇ ಮಾತಾಡಿದರು. "ಸಾರು ಕುಡಿಸಿದ್ರ ಹೋಗಂಗಿಲ್ಲ. ನಾ ಕುಡಿಸೀನಿ."

ನಮಗೆ ಗೊತ್ತಿರದ ಸಂಗತಿ ಅವತ್ತು ಹೊರಗೆ ಬಂತು. ಅಪ್ಪ ಹುಟ್ಟುವ ಮುಂಚೆ ತಾತನಿಗೆ ಒಬ್ಬಳು ಮಗಳಿದ್ದಳು. ಮೂರು ವರ್ಷಕ್ಕೆ ನಾಯಿಕೆಮ್ಮು ಹಿಡಿಯಿತು. ಕೆಮ್ಮಿ ಕೆಮ್ಮಿ ಮುಖ ನೀಲಿಯಾಗುತ್ತಿತ್ತಂತೆ. ಯಾರೋ ಹೇಳಿದರು ಅಂತ ತಾತ ದಿನಕ್ಕೊಂದರಂತೆ ಮೂರು ಅಳಿಲು ಹೊಡೆದು ತಂದರು. ಅಜ್ಜಿ ಮೆಣಸು, ಬೆಳ್ಳುಳ್ಳಿ ಹಾಕಿ ಸಾರು ಮಾಡಿದಳು. "ರುಚಿ ಐತಿ ಅಪ್ಪಾ ಅಂತ ಕುಡೀತು. ನಾಕನೇ ದಿನಕ್ಕ ಹೋತು" ಅಂದರು ತಾತ. "ಅವತ್ತು ಬ್ಯಾರೆ ಏನೂ ಗೊತ್ತಿರಲಿಲ್ಲ. ಇವತ್ತು ಗೊತ್ತೈತಿ. ಗಾಡಿ ತೆಗೀರಿ."

ಅದೇ ರಾತ್ರಿ ಹೊಸಪೇಟೆಗೆ ಹೋದೆವು. ನೆಬ್ಯುಲೈಸರ್ ಹಾಕಿದ ಮೇಲೆ ಹುಡುಗ ಮಲಗಿದ. ಮಾಸ್ಕ್ ಸಮೇತ ಇನ್ಹೇಲರ್ ಹೇಗೆ ಬಳಸಬೇಕು ಅಂತ ಅಕ್ಕನಿಗೆ ಕಲಿಸಿಕೊಟ್ಟರು. ನಾಯಿಕೆಮ್ಮಿನ ಲಸಿಕೆಯೂ ಅವನಿಗೆ ಹಸುಗೂಸಿದ್ದಾಗಲೇ ಬಿದ್ದಿತ್ತು. ಈಗ 6, 10, 14ನೇ ವಾರದಲ್ಲಿ ಎಲ್ಲ ಕೂಸುಗಳಿಗೂ ಸರ್ಕಾರಿ ಆಸ್ಪತ್ರೆಯಲ್ಲಿ ಬಿಟ್ಟಿ ಹಾಕುತ್ತಾರೆ. ತಾತನ ಮಗಳಿಗೆ ಅದು ಸಿಗಲಿಲ್ಲ, ಅಷ್ಟೇ ವ್ಯತ್ಯಾಸ.

ದೊಡ್ಡವ್ವನನ್ನು ಕೆಟ್ಟವಳು ಅನ್ನಲಾರೆ. ಔಷಧಿ ಇಲ್ಲದ ಕಾಲದಲ್ಲಿ ಕೈಗೆ ಸಿಕ್ಕಿದ್ದೇ ಔಷಧಿ. ಆದರೆ ಇವತ್ತಿಗೂ ನಮ್ಮ ಫ್ಯಾಮಿಲಿ ಗ್ರೂಪುಗಳಲ್ಲಿ ಉಬ್ಬಸಕ್ಕೆ, ಮಂಡಿನೋವಿಗೆ ಇಂಥದೇ ಮದ್ದು ಓಡಾಡುತ್ತವೆ. ಫಾರ್ವರ್ಡ್ ಮಾಡುವವರು ಸತ್ತ ಮಗುವಿನ ಕತೆ ಹೇಳುವುದಿಲ್ಲ. ಆ ಕತೆ ಗೊತ್ತಿರುವವರು ಮೂಲೆಯಲ್ಲಿ ಸುಮ್ಮನೆ ಕೂತಿರುತ್ತಾರೆ. ನಿಮ್ಮ ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ.

ಮರಿಗಳು ನೆನೆಸಿದ ಶೇಂಗಾ, ಪೇರಲ ತಿನ್ನಲು ಶುರು ಮಾಡಿದಾಗ ನಾವು ಮುಟ್ಟುವುದನ್ನು ಕಡಿಮೆ ಮಾಡಿದೆವು. ಮನುಷ್ಯರ ಭಯ ಹೋದ ಅಳಿಲು ಬೆಕ್ಕಿಗೂ ಹೆದರುವುದಿಲ್ಲ. ಒಮ್ಮೆ ಒಂದು ಮರಿ ನನ್ನ ಬೆರಳು ಕಚ್ಚಿತು. ಸೋಪು ಹಚ್ಚಿ ತೊಳೆದು ವೈದ್ಯರಿಗೆ ತೋರಿಸಿ ಬಂದೆ. ತಾತ ಮಾತ್ರ, "ಕಚ್ಚೋದು ಕಲೀತು, ಇನ್ನು ಬದುಕ್ತೈತಿ" ಅಂತ ಖುಷಿಪಟ್ಟರು.

ನಾನು ಬೆಂಗಳೂರಿಗೆ ಹೊರಡುವ ಮುಂಚಿನ ವಾರ, ಕಟ್ಟಿಗೆ ಡಬ್ಬಕ್ಕೆ ತೂತು ಕೊರೆದು ಬೇವಿನ ಮರಕ್ಕೆ ಕಟ್ಟಿದೆವು. ಕಟ್ಟಲು ತಂತಿ ಬೇಕಿತ್ತು. ತಾತ ಅಟ್ಟದಿಂದ ಒಂದು ಹಳೇ ಚೀಲ ಇಳಿಸಲು ಹೇಳಿದರು. ಒಳಗೆ ಅವರ ಮೊಲದ ಉರುಲುಗಳಿದ್ದವು. ಒಂದನ್ನು ಬಿಚ್ಚಿ, ನೇರ ಮಾಡಿ, ನನ್ನ ಕೈಗೆ ಕೊಟ್ಟರು.

ಮೊದಲ ಎರಡು ರಾತ್ರಿ ಮರಿಗಳು ಡಬ್ಬಕ್ಕೇ ವಾಪಸ್ ಬಂದವು. ಮೂರನೇ ರಾತ್ರಿ ಒಂದೇ ಬಂತು. ಒಂದು ವಾರಕ್ಕೆ ಯಾವುದೂ ಬರಲಿಲ್ಲ.

ಮೊನ್ನೆ ಫೋನ್ ಮಾಡಿದಾಗ ಕೇಳಿದೆ, "ತಾತ, ಅಳಿಲು ಕಾಣ್ತಾವಾ?"

"ಕಾಣೋದೇನು, ನಿಮ್ಮವ್ವ ಮಾಳಿಗಿ ಮ್ಯಾಲೆ ಹಾಕಿದ್ದ ಶೇಂಗಾ ಎಲ್ಲ ಖಾಲಿ. ಬೈಯಾಕತ್ತಾಳ."

ಆ ಕಡೆಯಿಂದ ಅವ್ವ ಬೈಯುವುದು ನನಗೂ ಕೇಳಿಸಿತು.