ಸೊನ್ನೆ ಬೇರೆ, ಗೈರುಹಾಜರಿ ಬೇರೆ

ಒಂದು ಸೇರು ರಾಗಿಯೂ ಒಂದು ಸೇರು ಮಂಡಕ್ಕಿಯೂ ಒಂದೇ ತೂಕವಲ್ಲವೆಂಬುದು ಸಂತೆಗೆ ಹೋಗಿಬಂದ ಮಗುವಿಗೂ ಗೊತ್ತು. ಸೇರಿನ ಲೆಕ್ಕವನ್ನು ಕಿಲೋ ಲೆಕ್ಕಕ್ಕೆ ತರಬೇಕಾದರೆ ಒಳಗಿರುವುದು ಏನೆಂದು ಮೊದಲು ಕೇಳಬೇಕು. ಗಣಕಯಂತ್ರದ ಒಳಗೂ ಇಂಥದೇ ವ್ಯಾಪಾರವೊಂದು ನಡೆಯುತ್ತದೆ.

ದೊಡ್ಡ ತಂತ್ರಾಂಶಗಳನ್ನು 'ಸಿ'ಯಂಥ ಭಾಷೆಯಲ್ಲಿ ಬರೆದು, ಪದೇ ಪದೇ ಬದಲಾಗುವ ನಿಯಮಗಳನ್ನು ಮಾತ್ರ ಅದರೊಳಗೆ ಕೂರಿಸಿದ ಪುಟ್ಟ ಭಾಷೆಯೊಂದಕ್ಕೆ ಒಪ್ಪಿಸುವ ಪದ್ಧತಿಯುಂಟು. 'ಸಿ' ಮನೆಯ ಯಜಮಾನ. ಪುಟ್ಟ ಭಾಷೆ ಅತಿಥಿ. ಇಂಥ ಅತಿಥಿಗಳಲ್ಲಿ ಹೆಸರಾದದ್ದು 'ಲುವಾ'. 1993ರಲ್ಲಿ ಬ್ರೆಜಿಲ್ ದೇಶದ ರಿಯೊ ಡಿ ಜನೈರೊದ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ಮೂವರು ಸೇರಿ ಇದನ್ನು ರೂಪಿಸಿದರು. ಪೋರ್ಚುಗೀಸ್ ಭಾಷೆಯಲ್ಲಿ ಲುವಾ ಎಂದರೆ ಚಂದ್ರ.

ಯಜಮಾನನಿಗೂ ಅತಿಥಿಗೂ ಕೊಡುಕೊಳ್ಳುವಿಕೆ ನಡೆಯುವುದು 'ಸ್ಟ್ಯಾಕ್' ಎಂಬ ರಾಶಿಯ ಮೂಲಕ. ಹಾಸ್ಟೆಲಿನಲ್ಲಿ ಒಂದರ ಮೇಲೊಂದು ಪೇರಿಸಿದ ತಟ್ಟೆಗಳನ್ನು ನೆನೆಸಿಕೊಳ್ಳಿ. ತೊಡಕಿರುವುದು ಇಬ್ಬರ ರೂಢಿಯಲ್ಲಿ. 'ಸಿ'ಯಲ್ಲಿ ಡಬ್ಬಿಗೇ ಚೀಟಿ ಅಂಟಿಸಿರುತ್ತಾರೆ: ಇದರಲ್ಲಿ ಪೂರ್ಣಾಂಕ ಮಾತ್ರ, ಅದರಲ್ಲಿ ದಶಮಾಂಶ ಮಾತ್ರ. ಲುವಾದಲ್ಲಿ ಚೀಟಿ ಇರುವುದು ಡಬ್ಬಿಗಲ್ಲ, ಒಳಗಿನ ಪದಾರ್ಥಕ್ಕೆ. ಇಂದು ಸಂಖ್ಯೆ ಇದ್ದ ಕಡೆ ನಾಳೆ ಪದ ಇರಬಹುದು, 'ಏನೂ ಇಲ್ಲ' ಎಂದು ಹೇಳುವ 'ನಿಲ್' ಕೂಡ ಇರಬಹುದು. 'ಸಿ'ಯ ಸಂಖ್ಯೆಯ ಡಬ್ಬಿಯಲ್ಲಿ ಈ 'ನಿಲ್'ಗೆ ಜಾಗವೇ ಇಲ್ಲ.

ಹಾಗಾದರೆ ಅದು ಗಡಿ ದಾಟುವುದು ಹೇಗೆ? ಲುವಾದಿಂದ ಸಂಖ್ಯೆಯನ್ನು ಪಡೆಯಲು 'ಸಿ' ಬಳಸುವ ಸಾಧನದ ಹೆಸರು 'ಲುವಾ_ಟುನಂಬರ್'. "35" ಎಂಬ ಅಕ್ಷರರೂಪದ ಅಂಕಿಯನ್ನು ಕೊಟ್ಟರೂ ಅದು 35 ಎಂದು ಸರಿಯಾಗಿ ತಿಳಿದುಕೊಳ್ಳುತ್ತದೆ. ಆದರೆ 'ಗೈರು' ಎಂಬ ಪದವನ್ನೋ 'ನಿಲ್' ಅನ್ನೋ ಕೊಟ್ಟು ನೋಡಿ. ತಪ್ಪೆಂದು ಕೂಗುವುದಿಲ್ಲ, ಸದ್ದಿಲ್ಲದೆ 0 ಎನ್ನುತ್ತದೆ. ಕನ್ನಡದ ಅಂಕಿಗಳಲ್ಲಿ "೩೫" ಎಂದು ಬರೆದರೂ ಅದೇ ಸೊನ್ನೆ!

ಕೆಲವು ವರ್ಷಗಳ ಹಿಂದೆ ನಾನು ಪಾಠ ಮಾಡುತ್ತಿದ್ದ ಶಾಲೆಯೊಂದರಲ್ಲಿ ಅಂಕಪಟ್ಟಿಯ ತಂತ್ರಾಂಶ ಈ ಕೆಲಸವನ್ನೇ ಮಾಡಿತು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು 50 ಅಂಕಗಳ ಮೂರು ಕಿರುಪರೀಕ್ಷೆಗಳಲ್ಲಿ ಎರಡನ್ನು ಬರೆದು 36, 42 ಅಂಕ ಪಡೆದಿದ್ದಳು. ಮೂರನೆಯದರ ಹೊತ್ತಿಗೆ ಟೈಫಾಯಿಡ್. ಸರಾಸರಿ 39 ಇರಬೇಕಾದಲ್ಲಿ 26 ಎಂದು ಅಚ್ಚಾಯಿತು. "ಮೇಷ್ಟ್ರೇ, ಮಗು ಆಸ್ಪತ್ರೇಲಿತ್ತು. ಇಲ್ಲಿ ನೋಡಿದ್ರೆ, ಕೂತು ಏನೂ ಬರೀಲಿಲ್ಲ ಅನ್ನೋ ಹಾಗಿದೆಯಲ್ಲ!" ಎಂದು ಅವಳ ತಂದೆ ಕೇಳಿದಾಗ ಅವರ ದನಿ ನಡುಗುತ್ತಿತ್ತು. ಹುಡುಗಿ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದಳು, ತಪ್ಪು ತನ್ನದೇ ಎಂಬಂತೆ.

ಪರಿಹಾರ ಕಷ್ಟದ್ದೇನಲ್ಲ. ಲುವಾದ 2011ರ ಆವೃತ್ತಿಯಲ್ಲಿ ಬಂದ ಇನ್ನೊಂದು ಸಾಧನ ಎರಡು ಉತ್ತರ ಕೊಡುತ್ತದೆ: ಬೆಲೆ ಎಷ್ಟು, ಅದು ನಿಜವಾಗಿ ಸಂಖ್ಯೆಯೇ ಹೌದೋ ಅಲ್ಲವೋ. ತಂತ್ರಾಂಶ ಬರೆದ ತರುಣ ಆ ಎರಡನೆಯ ಪ್ರಶ್ನೆಯನ್ನು ಸೇರಿಸಿದ. 'ಅಲ್ಲ' ಎಂದು ಉತ್ತರ ಬಂದ ಕಡೆ ಅಂಕದ ಬದಲು 'ಗೈರು' ಎಂದೇ ಅಚ್ಚಾಗತೊಡಗಿತು.

ಇನ್ನೊಂದು ಸ್ವಾರಸ್ಯವಿದೆ. ಷರತ್ತನ್ನು ಪರೀಕ್ಷಿಸುವಾಗ 'ಸಿ' ಸೊನ್ನೆಯನ್ನು 'ಸುಳ್ಳು' ಎಂದು ಓದುತ್ತದೆ. ಲುವಾ ಅದನ್ನು 'ನಿಜ' ಎನ್ನುತ್ತದೆ. ಲುವಾದ ದೃಷ್ಟಿಯಲ್ಲಿ ಸೊನ್ನೆಯೂ ಒಂದು ಉತ್ತರ. ಉತ್ತರವೇ ಇಲ್ಲದಿರುವುದು 'ನಿಲ್'. ಒಂದೇ ಚಿಹ್ನೆ ಗಡಿಯ ಆಚೆ ಒಂದು ಅರ್ಥ, ಈಚೆ ಇನ್ನೊಂದು.

ವಿದ್ಯಾರ್ಥಿಗಳೇ, ಉಷ್ಣಮಾಪಕ 0 ಡಿಗ್ರಿ ತೋರಿಸಿದರೆ 0 ಎಂದು ಬರೆಯಿರಿ. ನೋಡಲು ಮರೆತಿದ್ದರೆ ಒಂದು ಗೆರೆ ಎಳೆಯಿರಿ. ಕ್ರಮವಿಧಿ ಬರೆಯುವಾಗಲೂ ಇದೇ ನಿಯಮ. ತಾಯ್ತಂದೆಯರಿಗೂ ಒಂದು ಮಾತು: ಅಂಕಪಟ್ಟಿಯಲ್ಲಿ ಸೊನ್ನೆ ಕಂಡರೆ ಮಗುವನ್ನು ಗದರಿಸುವ ಮೊದಲು, ಅದು ನಿಜವಾಗಿಯೂ ಸೊನ್ನೆಯೇ ಎಂದು ಕೇಳಿ.