ಲೆಕ್ಕ ತಪ್ಪಿದ ಅಟ್ಲಾಂಟಾ

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ವಿನೋದದ ಮಾತೊಂದು ಬಹುಕಾಲದಿಂದ ರೂಢಿಯಲ್ಲಿದೆ. ಸತ್ತವನು ಸ್ವರ್ಗಕ್ಕೇ ಹೋಗಲಿ, ನರಕಕ್ಕೇ ಹೋಗಲಿ, ನಡುದಾರಿಯಲ್ಲಿ ಅಟ್ಲಾಂಟಾದಲ್ಲಿ ಇಳಿದು ವಿಮಾನ ಬದಲಿಸಲೇಬೇಕಂತೆ! ಜಾರ್ಜಿಯಾ ರಾಜ್ಯದ ರಾಜಧಾನಿಯಾದ ಈ ನಗರದ ವಿಮಾನ ನಿಲ್ದಾಣವನ್ನು ಒಮ್ಮೆ ಕಂಡವರಿಗೆ ಆ ಮಾತು ಅತಿಶಯೋಕ್ತಿಯೆಂದು ತೋರದು. 2024ನೆಯ ಇಸವಿಯೊಂದರಲ್ಲೇ ಸುಮಾರು 10 ಕೋಟಿ 80 ಲಕ್ಷ ಪ್ರಯಾಣಿಕರು ಅದರ ಮೂಲಕ ಹಾಯ್ದುಹೋದರೆಂದು ಲೆಕ್ಕ. ಕರ್ನಾಟಕದ ಹಸುಗೂಸು ಮೊದಲುಗೊಂಡು ಹಣ್ಣುಹಣ್ಣು ಮುದುಕರವರೆಗೆ ಎಲ್ಲರೂ ಒಂದೊಂದು ಸಲ ಹಾಯ್ದರೂ ಆ ಸಂಖ್ಯೆಯನ್ನು ಮುಟ್ಟಲಾಗದು. ಜಗತ್ತಿನಲ್ಲೇ ಅತ್ಯಂತ ಜನನಿಬಿಡವೆಂದು ಹೆಸರಾದ ಈ ನಿಲ್ದಾಣವು, ಅದೇ ವರ್ಷದ ಜುಲೈ ತಿಂಗಳಿನಲ್ಲಿ ಐದು ದಿನಗಳ ಕಾಲ ಪರಸೆ ಮುಗಿದರೂ ಗಾಡಿ ಸಿಗದೆ ಕುಳಿತ ಜನರ ಬಯಲಿನಂತಾಯಿತು. ಬಿರುಗಾಳಿ ಅದಕ್ಕೆ ಕಾರಣವಲ್ಲ, ಯುದ್ಧವಲ್ಲ, ಮುಷ್ಕರವೂ ಅಲ್ಲ.

ಊರಿನ ಹುಟ್ಟೇ ಪ್ರಯಾಣದೊಡನೆ ಬೆಸೆದುಕೊಂಡಿದೆ. 1837ರಲ್ಲಿ ರೈಲುಮಾರ್ಗವೊಂದರ ಕಡೆಯ ತುದಿ ಇಲ್ಲಿಗೆ ಬರಬೇಕೆಂದು ಗೊತ್ತಾದಾಗ ಈ ಕಾಡುನೆಲಕ್ಕೆ ಇಟ್ಟ ಹೆಸರು ‘ಟರ್ಮಿನಸ್’, ಎಂದರೆ ಕೊನೆಯ ನಿಲ್ದಾಣ. ಅಲ್ಲಿ ನೆಟ್ಟ ಸೊನ್ನೆಯ ಮೈಲಿಗಲ್ಲನ್ನು ಈಗಲೂ ಅಟ್ಲಾಂಟಾ ಇತಿಹಾಸ ಕೇಂದ್ರದಲ್ಲಿ ಜೋಪಾನವಾಗಿ ಇರಿಸಿದ್ದಾರೆ. 1864ರ ಅಂತರ್ಯುದ್ಧದಲ್ಲಿ ಊರು ಸುಟ್ಟು ಬೂದಿಯಾಯಿತು; ಮತ್ತೆ ಎದ್ದಿತು. ಬೂದಿಯಿಂದೇಳುವ ಫೀನಿಕ್ಸ್ ಪಕ್ಷಿಯೇ ಇಂದಿಗೂ ಅದರ ನಗರಮುದ್ರೆ. ಕೊನೆಯ ನಿಲ್ದಾಣವೆಂದು ಹೆಸರಿಟ್ಟುಕೊಂಡ ಊರು, ಯಾರೂ ಕೊನೆಗಾಣದೆ ಬರಿದೆ ಹಾಯ್ದುಹೋಗುವ ಊರಾದದ್ದು ವಿಧಿಯ ವಿನೋದವೆನ್ನಬೇಕು. ಹಾಯ್ದುಹೋಗದೆ ನೆಲೆನಿಂತವರೂ ಇಲ್ಲದಿಲ್ಲ: ನೃಪತುಂಗನ ಹೆಸರು ಹೊತ್ತ ಕನ್ನಡ ಕೂಟವೊಂದು ಅಲ್ಲಿದೆ.

ಕೋಕಾ ಕೋಲಾ ಪಾನೀಯದಿಂದ ಕುಬೇರನಾದ ಏಸಾ ಕ್ಯಾಂಡ್ಲರನು ನಗರದ ದಕ್ಷಿಣಕ್ಕೆ ಮೋಟಾರು ಪಂದ್ಯದ ಬಯಲೊಂದನ್ನು ಕಟ್ಟಿಸಿದ್ದನು. ಪಂದ್ಯಗಳು ನಡೆಯದೆ ಅದು ಪಾಳುಬಿದ್ದಿತು. 1925ರಲ್ಲಿ ನಗರಸಭೆಯು ಆ ನೆಲವನ್ನು ಬಾಡಿಗೆಯಿಲ್ಲದೆ, ಕಂದಾಯವನ್ನು ಮಾತ್ರ ತಾನು ಹೊರುವ ಕರಾರಿನ ಮೇಲೆ ಹಿಡಿದು ವಿಮಾನಗಳಿಗೆ ಬಿಟ್ಟುಕೊಟ್ಟಿತು. ಆ ಬಯಲೇ ಇಂದಿನ ಹಾರ್ಟ್ಸ್‌ಫೀಲ್ಡ್–ಜಾಕ್ಸನ್ ನಿಲ್ದಾಣ. ಹೆಸರಿನಲ್ಲಿರುವ ಇಬ್ಬರೂ ನಗರದ ಮೇಯರುಗಳಾಗಿದ್ದವರು. ಎರಡನೆಯವನಾದ ಮೇನಾರ್ಡ್ ಜಾಕ್ಸನ್ ಆ ಪದವಿಗೇರಿದ ಮೊದಲ ಕಪ್ಪು ಜನಾಂಗದವನು.

ಅದೇ 1925ನೆಯ ವರ್ಷ ಜಾರ್ಜಿಯಾದ ಇನ್ನೊಂದು ಊರಿನಲ್ಲಿ ಪುಟ್ಟ ಸಂಸ್ಥೆಯೊಂದು ಹುಟ್ಟಿತು. ಹತ್ತಿಯ ಕಾಯಿಯನ್ನು ಕೊರೆಯುವ ಹುಳುವಿನ ಕಾಟದಿಂದ ದಕ್ಷಿಣದ ರೈತರು ಕಂಗಾಲಾಗಿದ್ದ ಕಾಲವದು. ಹೊಲಗಳ ಮೇಲೆ ತಗ್ಗಿನಲ್ಲಿ ಹಾರಿ ಔಷಧದ ಪುಡಿ ಉದುರಿಸುವುದೇ ಆ ಸಂಸ್ಥೆಯ ಕಸುಬು. ಅದು ಬೆಳೆದು, ಮನುಷ್ಯರನ್ನು ಹೊರತೊಡಗಿ, 1941ರಲ್ಲಿ ಅಟ್ಲಾಂಟಾಕ್ಕೆ ಬಿಡಾರ ಬದಲಿಸಿತು. ಡೆಲ್ಟಾ ಎಂಬುದು ಅದರ ಹೆಸರು. ನಿಲ್ದಾಣದ ಮಗ್ಗುಲಲ್ಲೇ ಇರುವ ಅದರ ವಸ್ತುಸಂಗ್ರಹಾಲಯದಲ್ಲಿ ಹಳೆಯ ಪುಡಿ ಉದುರಿಸುವ ವಿಮಾನವೊಂದನ್ನು ಇಂದಿಗೂ ನೋಡಬಹುದು. ಎರಡು ಜೊತೆ ರೆಕ್ಕೆ, ತೆರೆದ ಆಸನ; ಹಾರುವವನಿಗೆ ತಾನೆಲ್ಲಿರುವೆನೆಂದು ತಿಳಿಯಲು ಕಣ್ಣು ಸಾಕಾಗಿದ್ದ ಕಾಲದ ಯಂತ್ರ.

ನಗರದ ನಡುವಿನಿಂದ ‘ಮಾರ್ಟಾ’ ಎಂಬ ರೈಲು ಹತ್ತಿದ ಪ್ರಯಾಣಿಕನು ನೇರವಾಗಿ ನಿಲ್ದಾಣದ ಒಳಗೇ ಇಳಿಯುತ್ತಾನೆ. ಕಟ್ಟಡದಾಚೆ ಏಳು ಉದ್ದನೆಯ ಮೊಗಸಾಲೆಗಳು ಒಂದರ ಹಿಂದೊಂದು, ಬಾಚಣಿಗೆಯ ಹಲ್ಲುಗಳಂತೆ ಸಮಾನಾಂತರವಾಗಿ ಚಾಚಿವೆ. ಅವುಗಳನ್ನು ಕೂಡಿಸುವುದು ನೆಲದಡಿಯ ಸುರಂಗ. ಚಾಲಕನಿಲ್ಲದ ರೈಲೊಂದು ಅದರಲ್ಲಿ ಸದಾ ಹೋಗಿಬರುತ್ತಿರುತ್ತದೆ. ಅವಸರವಿಲ್ಲದವರು ನಡೆದೇ ಹೋಗಬಹುದು, ಹೋಗುವುದೇ ಲೇಸು. ಒಂದೆಡೆ ಜಿಂಬಾಬ್ವೆಯ ಶಿಲ್ಪಿಗಳು ಕಡೆದ ಕಲ್ಲಿನ ವಿಗ್ರಹಗಳಿವೆ. ಮುಂದಿನ ಸುರಂಗದಲ್ಲಿ ತಲೆಯ ಮೇಲೆ ಕೃತಕವಾದ ಕಾಡು. ಎಲೆಗಳ ನಡುವೆ ಬೆಳಕು ಜಾರುತ್ತದೆ, ಹಕ್ಕಿಗಳು ಕೂಗುತ್ತವೆ. ಅದರಾಚೆ ನಗರದ ಚರಿತ್ರೆಯನ್ನು ಗೋಡೆಗಳ ಮೇಲೆ ಬಿಡಿಸಿಟ್ಟಿದ್ದಾರೆ. ಹೊರಗೆ ಐದು ಓಡುದಾರಿಗಳು. ಒಂದು ವಿಮಾನ ನೆಲ ಬಿಡುವಷ್ಟರಲ್ಲಿ ಇನ್ನೊಂದು ನೆಲ ಮುಟ್ಟುತ್ತಿರುತ್ತದೆ.

ಕಣ್ಣಿಗೆ ಕಾಣುವ ಅಟ್ಲಾಂಟಾ ಇಷ್ಟು. ಕಾಣದ ಅಟ್ಲಾಂಟಾ ಒಂದುಂಟು. ಅದಿಲ್ಲದೆ ಇದು ನಡೆಯದು.

ಹಿಂದೆ ನಮ್ಮ ಹಳ್ಳಿಗಳಲ್ಲಿ ಶಾನುಭೋಗರ ದಫ್ತರವಿರುತ್ತಿದ್ದಿತು. ಹೊಲ ಹೊಲದ ಜಾಗದಲ್ಲೇ ಇರುತ್ತಿತ್ತು. ಆದರೆ ಯಾವುದು ಯಾರದು, ಯಾರು ಯಾರಿಗೆ ಎಷ್ಟು ಕೊಡತಕ್ಕದ್ದು ಎಂಬುದೆಲ್ಲ ಆ ಕೆಂಪು ಬಟ್ಟೆಯ ಕಟ್ಟಿನೊಳಗೆ. ದಫ್ತರಕ್ಕೆ ಬೆಂಕಿ ಬಿದ್ದರೆ ಒಂದು ಅಂಗುಲ ನೆಲವೂ ಸುಡುವುದಿಲ್ಲ. ಆದರೆ ಊರು ನಿಂತುಹೋಗುತ್ತದೆ. ದೊಡ್ಡ ವಿಮಾನ ಸಂಸ್ಥೆಗೂ ಅಂಥದೇ ಒಂದು ದಫ್ತರವಿದೆ. ಸಾವಿರಾರು ವೈಮಾನಿಕರು, ಗಗನಸಖಿಯರು ಈ ಕ್ಷಣದಲ್ಲಿ ಯಾವ ಊರಿನಲ್ಲಿದ್ದಾರೆ, ಯಾರು ಎಷ್ಟು ಗಂಟೆ ದುಡಿದಿದ್ದಾರೆ, ಯಾರಿಗೆ ಕಡ್ಡಾಯವಾದ ಹತ್ತು ಗಂಟೆಯ ವಿಶ್ರಾಂತಿ ಮುಗಿದಿದೆ, ಯಾವ ಬಗೆಯ ವಿಮಾನವನ್ನು ನಡೆಸಲು ಯಾರಿಗೆ ಅನುಮತಿಯಿದೆ? ಬೋಯಿಂಗ್ 737ನ್ನು ನಡೆಸುವವನನ್ನು ಕರೆದು ಏರ್‌ಬಸ್ 350ರಲ್ಲಿ ಕೂರಿಸುವಂತಿಲ್ಲ. ಈ ಲೆಕ್ಕವನ್ನೆಲ್ಲ ಗಣಕಯಂತ್ರಗಳೇ ಇಡುತ್ತವೆ. ಡೆಲ್ಟಾದ ದಫ್ತರದ ಕೇಂದ್ರವೂ ಅಟ್ಲಾಂಟಾವೇ.

2024ರ ಜುಲೈ 19, ಶುಕ್ರವಾರ. ಅಟ್ಲಾಂಟಾದ ಗಡಿಯಾರಗಳಲ್ಲಿ ನಡುರಾತ್ರಿ ಕಳೆದು ಒಂಬತ್ತು ನಿಮಿಷವಾಗಿತ್ತು. ಟೆಕ್ಸಾಸಿನ ಆಸ್ಟಿನ್ ನಗರದಲ್ಲಿ ನೆಲೆಸಿರುವ ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆಯು ತನ್ನ ಗಿರಾಕಿಗಳ ಯಂತ್ರಗಳಿಗೆ ಸಣ್ಣದೊಂದು ಕಡತವನ್ನು ರವಾನಿಸಿತು. ಗಣಕಯಂತ್ರಗಳನ್ನು ಕಳ್ಳರಿಂದ ಕಾಯುವುದು ಈ ಸಂಸ್ಥೆಯ ವೃತ್ತಿ. ಅದರ ಕಾವಲುಗಾರ ತಂತ್ರಾಂಶವು ಮೈಕ್ರೋಸಾಫ್ಟ್‌ನವರ ವಿಂಡೋಸ್ ವ್ಯವಸ್ಥೆಯ ಗರ್ಭಗುಡಿಯಲ್ಲೇ ಕುಳಿತಿರುತ್ತದೆ. ಹೊಸ ಹೊಸ ಕಳ್ಳರ ಗುರುತುಗಳನ್ನು ಅದಕ್ಕೆ ಆಗಾಗ್ಗೆ ಕಳುಹಿಸುತ್ತಿರುತ್ತಾರೆ. ಅಂದು ಹೋದ 291ನೆಯ ಸಂಖ್ಯೆಯ ಕಡತದಲ್ಲಿ ಒಂದು ತಪ್ಪಿತ್ತು. ಇಪ್ಪತ್ತೇ ಮನೆಗಳಿರುವ ಬೀದಿಗೆ ಕಾವಲುಗಾರನನ್ನು ಕಳುಹಿಸಿ, ಇಪ್ಪತ್ತೊಂದನೆಯ ಮನೆಯ ಬಾಗಿಲು ತಟ್ಟೆಂದು ಅಪ್ಪಣೆ ಮಾಡಿದಂತಾಯಿತು. ಇಲ್ಲದ ಬಾಗಿಲನ್ನು ತಟ್ಟಹೋದ ಕಾವಲುಗಾರ ಬಿದ್ದನು. ಗರ್ಭಗುಡಿಯಲ್ಲಿದ್ದವನಾದ್ದರಿಂದ ಗುಡಿಯನ್ನೂ ಕೆಡವಿಕೊಂಡೇ ಬಿದ್ದನು. ಪರದೆಗಳು ನೀಲಿಯಾದವು. ಯಂತ್ರಗಳು ತಾವಾಗಿಯೇ ಮರಳಿ ಎದ್ದವು, ಎದ್ದೊಡನೆ ಮತ್ತೆ ಬಿದ್ದವು.

78 ನಿಮಿಷಗಳಲ್ಲಿ ಸಂಸ್ಥೆಯು ಆ ಕಡತವನ್ನು ಹಿಂತೆಗೆದುಕೊಂಡಿತು. ಅಷ್ಟರೊಳಗಾಗಿ ಜಗತ್ತಿನಾದ್ಯಂತ ಸುಮಾರು 85 ಲಕ್ಷ ಯಂತ್ರಗಳು ಕೆಟ್ಟಿದ್ದುವೆಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು. ವಿಂಡೋಸ್ ಯಂತ್ರಗಳಲ್ಲಿ ಇದು ನೂರಕ್ಕೆ ಒಂದಕ್ಕೂ ಕಡಿಮೆ; ಆದರೆ ಆ ಒಂದು ಇದ್ದುದು ಆಸ್ಪತ್ರೆ, ಬ್ಯಾಂಕು, ವಿಮಾನ ನಿಲ್ದಾಣಗಳಲ್ಲಿ. ಎದ್ದು ನಿಲ್ಲಲಾರದ ಯಂತ್ರಕ್ಕೆ ದೂರದಿಂದ ಮದ್ದು ಕಳುಹಿಸುವಂತಿಲ್ಲ. ಬಹುಮಟ್ಟಿಗೆ ಮನುಷ್ಯನೇ ಪ್ರತಿಯೊಂದರ ಬಳಿಗೂ ಹೋಗಿ, ಗುಪ್ತಸಂಖ್ಯೆ ಒತ್ತಿ, ಆ ಕಡತವನ್ನು ಅಳಿಸಿ ಎಬ್ಬಿಸಬೇಕಾಯಿತು. ಅನ್ನ ಬೆಂದಿದೆಯೇ ಎಂದು ನೋಡಲು ನಮ್ಮ ಮನೆಗಳಲ್ಲಿ ಒಂದು ಅಗುಳನ್ನು ಹಿಸುಕುತ್ತಾರೆ. ಆಮೇಲೆ ಎಲೆಗೆ ಬಡಿಸುತ್ತಾರೆ. ಈ ಕಡತವನ್ನು ಮೊದಲು ಕೆಲವೇ ಯಂತ್ರಗಳಿಗೆ ಕಳುಹಿಸಿ ನೋಡುವ ಗೋಜಿಗೆ ಹೋಗದೆ ಪಂಕ್ತಿಗೆಲ್ಲ ಒಮ್ಮೆಗೇ ಬಡಿಸಿಬಿಟ್ಟಿದ್ದರು. ಇನ್ನು ಮುಂದೆ ಹಂತಹಂತವಾಗಿ ಕಳುಹಿಸುವೆವೆಂದು ಸಂಸ್ಥೆಯವರು ಆಮೇಲೆ ಹೇಳಿಕೊಂಡರು. ಶ್ರಮಪಟ್ಟ ಸಹವರ್ತಿಗಳಿಗೆ ತಿಂಡಿಗೆಂದು ಹತ್ತು ಡಾಲರುಗಳ ಕೂಪನ್ನನ್ನೂ ಕಳುಹಿಸಿದರು. ಅದನ್ನು ಬಳಸಹೋದ ಕೆಲವರಿಗೆ ಕೂಪನ್ ರದ್ದಾಗಿದೆಯೆಂಬ ಉತ್ತರ ಬಂದಿತು!

ಆ ಹೊತ್ತಿಗೆ ನಮ್ಮಲ್ಲಿ ಬೆಳಗಾಗಿತ್ತು. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ 10 ಗಂಟೆ 40 ನಿಮಿಷದಿಂದ ಹಲವು ವಿಮಾನ ಸಂಸ್ಥೆಗಳ ಕಟ್ಟೆಗಳು ಸ್ತಬ್ಧವಾದವು. ದೇಶದ ಹಲವು ನಿಲ್ದಾಣಗಳಲ್ಲಿ ಸಿಬ್ಬಂದಿಯವರು ಲೇಖನಿ ಹಿಡಿದು ಬೋರ್ಡಿಂಗ್ ಪಾಸುಗಳನ್ನು ಕೈಯಿಂದಲೇ ಬರೆದುಕೊಟ್ಟರು. ಹೆಸರು, ಆಸನದ ಸಂಖ್ಯೆ, ಹೊರಡುವ ಊರು, ಸೇರುವ ಊರು: ಅಜ್ಜಂದಿರ ಕಾಲದ ಬಸ್ಸಿನ ಚೀಟಿಯಂತೆ. ಆ ಚೀಟಿಗಳ ಚಿತ್ರಗಳು ಜಗತ್ತೆಲ್ಲ ಸುತ್ತಿ ಬಂದವು. ವಿಮಾನಗಳು ತಡವಾದವು, ಅನೇಕವು ರದ್ದಾದವು. ಮರುದಿನ ನಸುಕಿನ ವೇಳೆಗೆ ವ್ಯವಸ್ಥೆಗಳು ಸರಿಹೋದುವೆಂದು ಕೇಂದ್ರ ಸಚಿವರು ತಿಳಿಸಿದರು.

ಚೀಟಿಯನ್ನು ಕೈಯಿಂದ ಬರೆಯಬಹುದು, ದಫ್ತರವನ್ನು ಬರೆಯುವುದೆಂತು? ಅಟ್ಲಾಂಟಾದ ಸಂಕಟವಿದ್ದುದು ಇಲ್ಲಿ. ಅಮೆರಿಕದ ಉಳಿದ ದೊಡ್ಡ ವಿಮಾನ ಸಂಸ್ಥೆಗಳು ವಾರದ ಕೊನೆಯೊಳಗೆ ಬಹುಮಟ್ಟಿಗೆ ಚೇತರಿಸಿಕೊಂಡವು. ಡೆಲ್ಟಾ ಮಾತ್ರ ದಿನದಿಂದ ದಿನಕ್ಕೆ ಕುಸಿಯಿತು. 40,000 ಸರ್ವರ್‌ಗಳನ್ನು ಕೈಯಿಂದಲೇ ಸರಿಪಡಿಸಬೇಕಾಯಿತೆಂದು ಅದರ ಮುಖ್ಯಾಧಿಕಾರಿ ಎಡ್ ಬಾಸ್ಟಿಯನ್ ಆಮೇಲೆ ಹೇಳಿದರು. ಯಂತ್ರಗಳು ಎದ್ದ ಮೇಲೂ ಕಷ್ಟ ಮುಗಿಯಲಿಲ್ಲ. ಸಿಬ್ಬಂದಿಯ ಜಾಡು ಹಿಡಿಯುವ ಸಾಧನವು, ಒಮ್ಮೆಲೇ ಮೇಲೆ ಬಿದ್ದ ಬದಲಾವಣೆಗಳ ರಾಶಿಯನ್ನು ಅರಗಿಸಿಕೊಳ್ಳಲಾರದೆ ಹೋಯಿತು. ವಿಮಾನವಿದೆ, ಇಂಧನವಿದೆ, ಪ್ರಯಾಣಿಕರಿದ್ದಾರೆ. ವೈಮಾನಿಕನೂ ಎಲ್ಲೋ ಸಮವಸ್ತ್ರ ಧರಿಸಿ ಸಿದ್ಧನಾಗಿದ್ದಾನೆ. ಎಲ್ಲಿದ್ದಾನೆಂಬುದು ಸಂಸ್ಥೆಗೆ ತಿಳಿಯದು; ತಾನೆಲ್ಲಿಗೆ ಹೋಗಬೇಕೆಂಬುದು ಅವನಿಗೆ ತಿಳಿಯದು.

ಮೊಗಸಾಲೆಗಳ ನೆಲದ ಮೇಲೆ ಜನ ಮಲಗಿದರು. ಸಾಮಾನು ಪಡೆಯುವ ಅಂಗಣದಲ್ಲಿ ಒಡೆಯರಿಲ್ಲದ ಪೆಟ್ಟಿಗೆಗಳು ಸಾಲುಸಾಲಾಗಿ ನಿಂತವು. ಸಹಾಯದ ಕಟ್ಟೆಯ ಮುಂದೆ ಗಂಟೆಗಟ್ಟಲೆ ಸಾಲು. ಕೊನೆಗೆ ಮುಂದೆ ಬಂದವನಿಗೆ ಸಿಕ್ಕುವುದು ನಾಳೆಯ ವಿಮಾನ. ನಾಳೆ ಅದೂ ರದ್ದು. ಐದು ದಿನಗಳಲ್ಲಿ ಸುಮಾರು 7,000 ವಿಮಾನಗಳು ಹಾರಲಿಲ್ಲ. 13 ಲಕ್ಷಕ್ಕೂ ಮಿಕ್ಕಿದ ಪ್ರಯಾಣಿಕರಿಗೆ ತೊಂದರೆಯಾಯಿತು. ಅವರೆಲ್ಲರೂ ಅಟ್ಲಾಂಟಾದಲ್ಲೇ ಇದ್ದವರಲ್ಲ; ಆದರೆ ಬಾಚಣಿಗೆಯ ಹಿಡಿ ಮುರಿದರೆ ಹಲ್ಲುಗಳೆಲ್ಲ ಬಿಡಿಯಾಗುವಂತೆ, ನಡುನಿಲ್ದಾಣ ನಿಂತಾಗ ದೂರದೂರದ ಊರುಗಳೂ ನಿಂತವು.

ಈ ಗದ್ದಲದಲ್ಲಿ ಹೆಚ್ಚು ಜನರ ಗಮನಕ್ಕೆ ಬಾರದ ಪ್ರಕಟಣೆಯೊಂದಿತ್ತು. ತಂದೆತಾಯಿಯರಿಲ್ಲದೆ ಒಂಟಿಯಾಗಿ ಪ್ರಯಾಣ ಮಾಡುವ ಮಕ್ಕಳನ್ನು ಜುಲೈ 23ರವರೆಗೆ ವಿಮಾನಗಳಲ್ಲಿ ಕರೆದೊಯ್ಯಲಾಗದೆಂದು ಡೆಲ್ಟಾ ಸಾರಿತು. ಜುಲೈ ಎಂದರೆ ಅಲ್ಲಿ ಬೇಸಿಗೆಯ ರಜೆಯ ಕಾಲ. ಅಜ್ಜಿಯ ಮನೆಗೆ, ಬೇಸಿಗೆಯ ಶಿಬಿರಗಳಿಗೆ, ಬೇರ್ಪಟ್ಟ ತಂದೆಯ ಅಥವಾ ತಾಯಿಯ ಊರಿಗೆ, ಎಳೆಯ ಮಕ್ಕಳನ್ನು ಗಗನಸಖಿಯರ ಕೈಗೊಪ್ಪಿಸಿ ಕಳುಹಿಸುವುದು ಆ ದೇಶದಲ್ಲಿ ಸಾಮಾನ್ಯ ಪದ್ಧತಿ. ಕಳುಹಿಸುವ ತಾಯಿಗೆ ಇರುವ ಭರವಸೆ ಒಂದೇ: ತನ್ನ ಮಗು ಈ ಗಳಿಗೆಯಲ್ಲಿ ಎಲ್ಲಿದೆಯೆಂಬುದು ಯಾರಿಗೋ ಒಬ್ಬರಿಗೆ ನಿಶ್ಚಯವಾಗಿ ತಿಳಿದಿದೆ. ತನ್ನ ವೈಮಾನಿಕರೆಲ್ಲಿದ್ದಾರೆಂದೇ ತಿಳಿಯದ ಸಂಸ್ಥೆ ಆ ಭರವಸೆಯನ್ನು ಕೊಡಬಲ್ಲುದೆ? ಕೊಡಲಾರೆನೆಂದು ಒಪ್ಪಿಕೊಂಡುದು ಒಂದು ದೃಷ್ಟಿಯಿಂದ ಪ್ರಾಮಾಣಿಕತೆಯೇ. ಆದರೆ ಆಗಲೇ ಅತ್ತ ಹೋಗಿದ್ದ ಮಕ್ಕಳು ಇತ್ತ ಬರಬೇಕಾಗಿತ್ತು. ಮನೆಯವರು ಬೇರೆ ದಾರಿ ಹುಡುಕಿಕೊಳ್ಳದೆ ವಿಧಿಯಿರಲಿಲ್ಲ.

ಜುಲೈ 25ರ ಗುರುವಾರದ ಹೊತ್ತಿಗೆ ನಿಲ್ದಾಣ ತನ್ನ ಎಂದಿನ ಲಯಕ್ಕೆ ಮರಳಿತು. ಆಮೇಲೆ ಜಗಳ ಪ್ರಾರಂಭವಾಯಿತು. 50 ಕೋಟಿ ಡಾಲರು ನಷ್ಟವಾಯಿತೆಂದು ಡೆಲ್ಟಾ ಹೇಳಿತು. ನಮ್ಮ ಕರಾರಿನ ಪ್ರಕಾರ ನಮ್ಮ ಹೊಣೆ ಒಂದಂಕಿಯ ದಶಲಕ್ಷಗಳನ್ನು ಮೀರದೆಂದು ಕ್ರೌಡ್‌ಸ್ಟ್ರೈಕ್‌ನ ವಕೀಲರು ಉತ್ತರವಿತ್ತರು. ನೀವೇ ನಿಮ್ಮ ಹಳೆಯ ಯಂತ್ರವ್ಯವಸ್ಥೆಯನ್ನು ಹೊಸದಾಗಿಸಿಕೊಳ್ಳಲಿಲ್ಲವೆಂದು ಮೈಕ್ರೋಸಾಫ್ಟ್‌ನ ವಕೀಲರು ಬರೆದರು. ನೆರವು ನೀಡಬಂದೆವು, ಬೇಡವೆಂದಿರಿ ಎಂಬ ಆಕ್ಷೇಪವೂ ಅದರಲ್ಲಿ ಸೇರಿತು. ಎರಡು ಮಾತುಗಳಲ್ಲಿಯೂ ನಿಜವಿರಬಹುದು. ಬೆಂಕಿ ಹಚ್ಚಿದವನ ತಪ್ಪು ಬೇರೆ. ಬಾವಿಯನ್ನು ಹೂಳೆತ್ತಿಸದೆ ಬಿಟ್ಟವನ ತಪ್ಪು ಬೇರೆ. ಆದರೆ ನೆಲದ ಮೇಲೆ ಮಲಗಿದವರು ಆ ಪತ್ರವ್ಯವಹಾರದಲ್ಲಿ ಎಲ್ಲಿಯೂ ಕಾಣುವುದಿಲ್ಲ.

2024ರ ಅಕ್ಟೋಬರ್ 25ರಂದು ಡೆಲ್ಟಾ ಅಟ್ಲಾಂಟಾದ ಫುಲ್ಟನ್ ಕೌಂಟಿಯ ನ್ಯಾಯಾಲಯದಲ್ಲಿ ದಾವೆ ಹೂಡಿತು. ಘೋರ ನಿರ್ಲಕ್ಷ್ಯದ ಆರೋಪವನ್ನು ವಿಚಾರಣೆಗೆ ಮುಂದುವರಿಸಬಹುದೆಂದು 2025ರ ಮೇ ತಿಂಗಳಲ್ಲಿ ನ್ಯಾಯಾಧೀಶರು ತೀರ್ಮಾನಿಸಿದರು. ನ್ಯಾಯಾಲಯದ ಕಟ್ಟಡವಿರುವುದು ನಗರದ ನಡುಮಧ್ಯದಲ್ಲಿ, ಆ ಸೊನ್ನೆಯ ಮೈಲಿಗಲ್ಲು ಮೊದಲು ನಿಂತಿದ್ದ ಜಾಗಕ್ಕೆ ಕಾಲ್ನಡಿಗೆಯ ದೂರದಲ್ಲಿ. ವಿಮಾನ ನಿಲ್ದಾಣದಿಂದ ಮಾರ್ಟಾ ರೈಲು ಹತ್ತಿದರೆ ಸುಮಾರು ಇಪ್ಪತ್ತು ನಿಮಿಷದ ದಾರಿ.