ಹೊಸ್ತಿಲಿನ ಹಕ್ಕು

ಗಂಡನ ಮನೆಯಿಂದ ಪ್ರಾಣಭಯದಿಂದಲೋ ಅವಮಾನದಿಂದಲೋ ಹೊರಬಿದ್ದು, ತವರಿನ ಬಾಗಿಲೂ ಮುಚ್ಚಿರುವುದನ್ನು ಕಂಡು, ಕಟ್ಟಕಡೆಗೆ ಅಪರಿಚಿತರ ಬಾಗಿಲನ್ನು ತಟ್ಟುವ ಸ್ತ್ರೀಯರಿಗೆ ಆಶ್ರಯವೀಯುವ ಒಂದು ಗೃಹದಲ್ಲಿ, ಹಳೆಯ ಮೈಸೂರು ಸೀಮೆಯ ಒಂದು ಜಿಲ್ಲಾ ಕೇಂದ್ರದಲ್ಲಿ, ನಾನು ಸೇವೆಗೆ ಸೇರಿದುದು ಕಳೆದ ಶತಮಾನದ ಕೊನೆಯ ದಶಕದಲ್ಲಿ. ನಾನು ವಕೀಲಳಲ್ಲ. ಬಂದವಳ ಮಾತನ್ನು ತಾಳ್ಮೆಯಿಂದ ಕೇಳಿ ಬರೆದುಕೊಳ್ಳುವುದು, ಆಕೆಯೊಡನೆ ಆಸ್ಪತ್ರೆಗೂ ಠಾಣೆಗೂ ನ್ಯಾಯಾಲಯಕ್ಕೂ ಹೋಗುವುದು, ಕೇಳುವವರು ಗದರಿಸಿದಾಗ ಆಕೆ ಎದೆಗುಂದದಂತೆ ಪಕ್ಕದಲ್ಲಿ ನಿಲ್ಲುವುದು, ಇಷ್ಟು ನನ್ನ ಪಾಲಿನ ಕರ್ತವ್ಯ. ಅಂದಿನಿಂದ ಈ ಕೆಲಸದಲ್ಲಿ ಆಗಿರುವ ಪರಿವರ್ತನೆಯನ್ನು ಸಮೀಪದಿಂದ ಕಂಡವಳಾದುದರಿಂದ, ಕಂಡದ್ದನ್ನು ಬರೆದಿಡುವುದು ಉಚಿತವೆಂದು ತೋರಿದೆ.

ಆಗ ಕಾಯಿದೆಗಳೇ ಇರಲಿಲ್ಲವೆಂದಲ್ಲ. 1961ರ ವರದಕ್ಷಿಣೆ ನಿಷೇಧ ಕಾಯಿದೆಯಿತ್ತು. ಗಂಡನೂ ಅವನ ಬಂಧುಗಳೂ ನಡೆಸುವ ಕ್ರೌರ್ಯವನ್ನು ಅಪರಾಧವೆಂದು ಸಾರಿದ ದಂಡಸಂಹಿತೆಯ 498ಎ ಕಲಮು 1983ರಲ್ಲಿಯೂ, ವರದಕ್ಷಿಣೆಯ ಸಾವನ್ನು ಕುರಿತ 304ಬಿ ಕಲಮು 1986ರಲ್ಲಿಯೂ ಬಂದಿದ್ದುವು. 1979ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವಿಮೋಚನಾ ಸಂಸ್ಥೆಯವರು, ‘ಸ್ಟೌ ಸಿಡಿದು ಸತ್ತಳು’ ಎಂಬ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತಿದ್ದ ಸಾವುಗಳ ಹಿಂದಿನ ಸತ್ಯವನ್ನು ಶೋಧಿಸಿ ಸರ್ಕಾರದ ಮುಂದೆ ಇಡುತ್ತಿದ್ದರು. ನಮ್ಮೂರಿನ ಸುಟ್ಟಗಾಯದ ವಾರ್ಡಿಗೆ ನಾನೂ ಹೋಗಿ ನಿಂತವಳು. ಹಾಸಿಗೆಯ ತಲೆಯ ಕಡೆ ಅತ್ತೆಯು ಮಗುವನ್ನು ಎತ್ತಿಕೊಂಡು ನಿಂತಿರುವಾಗ, ಹೇಳಿಕೆ ಬರೆದುಕೊಳ್ಳಲು ಬಂದ ಅಧಿಕಾರಿಯ ಮುಂದೆ, ‘ಅಡಿಗೆ ಮಾಡುವಾಗ ಸೀರೆಗೆ ಬೆಂಕಿ ಹತ್ತಿತು’ ಎಂದಲ್ಲದೆ ಬೇರೇನನ್ನು ಆ ತಾಯಿ ನುಡಿದಾಳು? ತಾನು ಹೋದ ಮೇಲೆ ಆ ಮಗು ಯಾರ ಕೈಯಲ್ಲಿ ಬೆಳೆಯಬೇಕೆಂಬುದು ಆಕೆಗೆ ತಿಳಿದಿತ್ತು.

ಈ ಕಾಯಿದೆಗಳು ಅಪರಾಧಿಯನ್ನು ಶಿಕ್ಷಿಸತಕ್ಕವು. ಬದುಕಿರುವವಳಿಗೆ ನಾಳೆಯ ದಿನ ತಲೆಯ ಮೇಲೊಂದು ಸೂರನ್ನು ಕಲ್ಪಿಸತಕ್ಕವಲ್ಲ. ನಮ್ಮಲ್ಲಿಗೆ ಬರುತ್ತಿದ್ದವರಲ್ಲಿ ಅನೇಕರು, ‘ಅವರನ್ನು ಜೈಲಿಗೆ ಹಾಕಿಸಬೇಡಿ ಅಕ್ಕಾ, ಹೊಡೆಯದ ಹಾಗೆ ಮಾಡಿ, ಅಷ್ಟು ಸಾಕು’ ಎಂದು ಬೇಡುತ್ತಿದ್ದರು. ಆ ಅಷ್ಟನ್ನು ಮಾಡಿಕೊಡುವ ಉಪಾಯ ಅಂದಿನ ನ್ಯಾಯವಿಧಾನದಲ್ಲಿ ಇರಲಿಲ್ಲ. ಕ್ರಿಮಿನಲ್ ಮೊಕದ್ದಮೆ ಹೂಡಿದರೆ ಮನೆಯ ಬಾಗಿಲು ಶಾಶ್ವತವಾಗಿ ಮುಚ್ಚುತ್ತಿತ್ತು. ಹೂಡದಿದ್ದರೆ ಠಾಣೆಯಲ್ಲಿ ಇಬ್ಬರನ್ನೂ ಕೂರಿಸಿ, ಇನ್ನು ಮುಂದೆ ಜಗಳವಾಡುವುದಿಲ್ಲವೆಂದು ಇಬ್ಬರಿಂದಲೂ ಮುಚ್ಚಳಿಕೆ ಬರೆಸಿಕೊಂಡು, ‘ಹೊಂದಿಕೊಂಡು ಹೋಗಮ್ಮ’ ಎಂಬ ಬುದ್ಧಿವಾದದೊಡನೆ ಕಳುಹಿಸುತ್ತಿದ್ದರು. ಪೆಟ್ಟು ತಿಂದವಳೂ ಪೆಟ್ಟು ಕೊಟ್ಟವನೂ ಒಂದೇ ಕಾಗದದ ಮೇಲೆ ಒಂದೇ ಬಗೆಯ ಮಾತಿಗೆ ರುಜು ಹಾಕುವ ಆ ಪದ್ಧತಿ, ನನ್ನ ದೃಷ್ಟಿಯಲ್ಲಿ, ಅನ್ಯಾಯಕ್ಕೆ ಸರ್ಕಾರಿ ಮುದ್ರೆಯನ್ನು ಒತ್ತುವುದಕ್ಕಿಂತ ಬೇರೆಯಲ್ಲ. ಊರಿನ ಯಜಮಾನರ ರಾಜಿ ಪಂಚಾಯಿತಿಯಲ್ಲಿ ಮೊದಲನೆಯ ಪ್ರಶ್ನೆಯೇ ‘ನೀನೇನು ಮಾಡಿದೆ?’ ಎಂದು. ಇನ್ನು ಜೀವನಾಂಶದ ಮಾತು: ದಂಡಪ್ರಕ್ರಿಯಾ ಸಂಹಿತೆಯ 125ನೆಯ ಕಲಮಿನ ಪ್ರಕಾರ ತಿಂಗಳಿಗೆ ಐನೂರು ರೂಪಾಯಿಗಳಿಗಿಂತ ಹೆಚ್ಚು ಕೊಡಿಸುವಂತಿರಲಿಲ್ಲ, 2001ರಲ್ಲಿ ಆ ಮಿತಿ ರದ್ದಾಗುವ ತನಕ. ಆ ಹಣದಲ್ಲಿ ಮಗುವಿನ ಹಾಲಿಗೆ ಎಷ್ಟು, ಬಾಡಿಗೆಗೆ ಎಷ್ಟು ಎಂದು ಲೆಕ್ಕ ಹಾಕುತ್ತ ಕುಳಿತ ಹೆಂಗಸರನ್ನು ನಾನು ಕಂಡಿದ್ದೇನೆ.

ಈ ಸ್ಥಿತಿಗೆ ನಿಜವಾದ ತಿರುವು ಬಂದುದು 2006ರ ಅಕ್ಟೋಬರ್ 26ರಂದು, ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ಸಂರಕ್ಷಿಸುವ 2005ರ ಅಧಿನಿಯಮ ಜಾರಿಗೆ ಬಂದ ದಿನ. ಆ ಕಾಯಿದೆಯ ಕಲಮುಗಳಿಗಿಂತಲೂ ಅದರ ನಿಯಮಗಳೊಡನೆ ಬಂದ ಒಂದು ನಮೂನೆ ನಮ್ಮ ಕೆಲಸವನ್ನು ಹೆಚ್ಚು ಬದಲಾಯಿಸಿತೆಂದು ನನ್ನ ದೃಢವಾದ ಅಭಿಪ್ರಾಯ. ‘ಡಿ.ಐ.ಆರ್.’ ಎಂದು ನಾವು ಕರೆಯುವ ಆ ಕೌಟುಂಬಿಕ ಘಟನಾ ವರದಿಯಲ್ಲಿ, ಯಾವ ದಿನ, ಯಾವ ಸ್ಥಳದಲ್ಲಿ, ಯಾರು, ಏನು ಮಾಡಿದರು ಎಂದು ಬರೆಯಬೇಕು. ‘ನೀನೇನು ಮಾಡಿದೆ’ ಎಂಬ ಪ್ರಶ್ನೆಗೆ ಅಲ್ಲಿ ಸ್ಥಳವೇ ಇಲ್ಲ. ದೈಹಿಕ ಹಿಂಸೆಯ ಜೊತೆಗೆ ಲೈಂಗಿಕ ಹಿಂಸೆ, ಮಾತಿನ ಮತ್ತು ಮನಸ್ಸಿನ ಹಿಂಸೆ, ಆರ್ಥಿಕ ಹಿಂಸೆ ಎಂಬ ವಿಭಾಗಗಳಿವೆ. ಗಂಡು ಮಗು ಹೆರಲಿಲ್ಲವೆಂದು ಹೀಯಾಳಿಸುವುದು, ಮನೆಯಿಂದ ಹೊರಗೆ ಕಾಲಿಡಗೊಡದಿರುವುದು, ದುಡಿದ ಸಂಬಳವನ್ನು ಕಿತ್ತುಕೊಳ್ಳುವುದು, ಇವೆಲ್ಲ ಅಲ್ಲಿ ಹೆಸರು ಹಿಡಿದು ಅಚ್ಚಾಗಿವೆ.

ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆ ಮಾಡುತ್ತಿದ್ದ ಒಬ್ಬ ಹೆಂಗಸು ನಮ್ಮಲ್ಲಿಗೆ ಬಂದಳು. ‘ನನಗೆ ಅಂಥಾದ್ದೇನೂ ಹೊಡೆದಿಲ್ಲ ಅಕ್ಕಾ, ಸುಮ್ಮನೆ ಬಂದುಬಿಟ್ಟೆ’ ಎಂದು ನಾಚುತ್ತ ಹೇಳಿದವಳಿಗೆ ಆ ನಮೂನೆಯನ್ನು ಒಂದೊಂದು ಸಾಲಾಗಿ ಓದಿ ಹೇಳಿದೆ. ಬ್ಯಾಂಕಿನ ಪಾಸ್‌ಬುಕ್ಕು ಅತ್ತೆಯ ಟ್ರಂಕಿನಲ್ಲಿದೆ. ಸಂಬಳದ ದಿನ ಗಂಡನೇ ಬಂದು ಹಣ ತೆಗೆಯುತ್ತಾನೆ. ಬಸ್ಸಿನ ಚಾರ್ಜಿಗೂ ದಿನದಿನ ಕೈಯೊಡ್ಡಬೇಕು. ಪಾಳಿ ಮುಗಿದು ತಡವಾದರೆ ಚಿಲಕ ತೆಗೆಯುವುದಿಲ್ಲ. ಅವಳು ಒಂದೊಂದಾಗಿ ಹೇಳುತ್ತ ಬಂದಂತೆ ಹಾಳೆ ತುಂಬಿ, ಇನ್ನೊಂದು ಹಾಳೆಯನ್ನು ಲಗತ್ತಿಸಬೇಕಾಯಿತು. ತಾನು ವರ್ಷಗಟ್ಟಲೆ ಹಣೆಬರಹವೆಂದು ತಿಳಿದುಕೊಂಡಿದ್ದುದು ಒಬ್ಬ ಮನುಷ್ಯನು ನಡೆಸಿದ ಕೃತ್ಯವೆಂಬುದನ್ನೂ, ಅದಕ್ಕೆ ದಿನಾಂಕವೂ ಸ್ಥಳವೂ ಇವೆಯೆಂಬುದನ್ನೂ ಅವಳು ಆ ಮಧ್ಯಾಹ್ನ ಕಂಡುಕೊಂಡಳು. ಇಂಥ ಮಧ್ಯಾಹ್ನಗಳಿಗಾಗಿಯೇ ನಾನು ಈ ಕೆಲಸದಲ್ಲಿ ಉಳಿದೆನೆಂದರೆ ಅತ್ಯುಕ್ತಿಯಲ್ಲ.

ಆ ಕಾಯಿದೆಯ 17ನೆಯ ಕಲಮು, ಒಟ್ಟಾಗಿ ಬಾಳಿದ ಮನೆಯಲ್ಲಿ, ಅದು ಯಾರ ಹೆಸರಿನಲ್ಲಿಯೇ ಇರಲಿ, ವಾಸಮಾಡುವ ಹಕ್ಕು ಹೆಂಗಸಿಗೆ ಉಂಟೆಂದು ಹೇಳಿತು. ಹೊರಬಿದ್ದವಳನ್ನು ಅಡಗಿಸಿಟ್ಟುಕೊಂಡು ಕಾಪಾಡುವುದೇ ಪರಮಧರ್ಮವೆಂದು ತಿಳಿದಿದ್ದ ನಮ್ಮಂಥ ಗೃಹಗಳಿಗೆ ಇದು ಹೊಸ ಮಾತು. ಅವಳೇ ಏಕೆ ಹೊರಡಬೇಕು ಎಂದು ಕೇಳುವ ಅಧಿಕಾರ ನಮಗೆ ಬಂದಿತು. ಆದರೆ ಅದೇ 2006ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ತರುಣಾ ಬಾತ್ರಾ ಅವರ ಪ್ರಕರಣದಲ್ಲಿ, ಗಂಡನಿಗೆ ಸೇರಿದ ಅಥವಾ ಅವನು ಬಾಡಿಗೆಗೆ ಹಿಡಿದ, ಇಲ್ಲವೆ ಅವನಿಗೆ ಪಾಲಿರುವ ಕೂಡುಕುಟುಂಬದ ಮನೆಗೆ ಮಾತ್ರ ಈ ಹಕ್ಕು ಅನ್ವಯಿಸುತ್ತದೆಂದು ತೀರ್ಪಿತ್ತಿತು. ಖಾತೆ ಮಾವನ ಹೆಸರಿನಲ್ಲಿಯೋ ಅತ್ತೆಯ ಹೆಸರಿನಲ್ಲಿಯೋ ಇರುವುದು ನಮ್ಮ ದೇಶದಲ್ಲಿ ಸಾಮಾನ್ಯವಾದುದರಿಂದ, ಆ ಮೇಲೆ ಎದುರು ಪಕ್ಷದ ವಕೀಲರು ಖಾತೆಯ ನಕಲನ್ನು ಹಾಜರುಪಡಿಸಿ ನಿಶ್ಚಿಂತರಾಗುತ್ತಿದ್ದರು. 2020ರ ಅಕ್ಟೋಬರ್ 15ರಂದು, ಸತೀಶ್ ಚಂದರ್ ಆಹುಜಾ ಪ್ರಕರಣದಲ್ಲಿ, ಅದೇ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠ ಆ ತೀರ್ಪು ಸರಿಯಲ್ಲವೆಂದು ಸಾರುವ ತನಕ, ಹದಿನಾಲ್ಕು ವರ್ಷಗಳ ಕಾಲ, ಸೊಸೆಯಾಗಿ ಗೇಯ್ದ ಮನೆಯ ಹೊಸ್ತಿಲು ಎಷ್ಟು ಮಂದಿಗೆ ಈ ಕಾರಣದಿಂದ ತಪ್ಪಿಹೋಯಿತೋ! ಈ ವಿಳಂಬವನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಈ ನಡುವೆ ನಮ್ಮ ಗೃಹದ ಫಲಕ ಸರ್ಕಾರದ ಯೋಜನೆಯಿಂದ ಯೋಜನೆಗೆ ಹೆಸರು ಬದಲಾಯಿಸಿತು: ಸ್ವಾಧಾರವಾಯಿತು, ಈಗ ಶಕ್ತಿ ಸದನವಾಗಿದೆ. ಅದಕ್ಕಿಂತ ದೊಡ್ಡ ಬದಲಾವಣೆಗಳು ಸದ್ದಿಲ್ಲದೆ ಬಂದುವು. ಮೊದಲು ತಾಯಿಯೊಡನೆ ಬಂದ ಮಕ್ಕಳು ವರ್ಗಾವಣೆ ಪತ್ರ (ಟಿ.ಸಿ.) ಇಲ್ಲವೆಂದು ಶಾಲೆಗೆ ಹೋಗದೆ ಅಂಗಳದಲ್ಲಿ ಆಡಿಕೊಂಡಿರುತ್ತಿದ್ದುವು; 2009ರ ಶಿಕ್ಷಣ ಹಕ್ಕಿನ ಕಾಯಿದೆ ಬಂದ ಮೇಲೆ, ಟಿ.ಸಿ. ತಡವಾದ ಕಾರಣಕ್ಕೆ ಪ್ರವೇಶವನ್ನು ನಿರಾಕರಿಸುವಂತಿಲ್ಲವೆಂದು ಮುಖ್ಯೋಪಾಧ್ಯಾಯರಿಗೆ ತೋರಿಸಿ ಕೊಡಲು ನಮಗೊಂದು ಆಧಾರ ಸಿಕ್ಕಿತು. 2023ರ ಜೂನ್ ತಿಂಗಳಿನಿಂದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟಿನ ಹಣವಿಲ್ಲ. ಈ ಯೋಜನೆಯನ್ನು ಕುರಿತು ಪರ ವಿರೋಧವಾಗಿ ಬಹಳ ವಾದ ನಡೆದಿದೆ. ಬರಿಗೈಯಲ್ಲಿ ರಾತ್ರಿ ಮನೆ ಬಿಟ್ಟವಳು ಕಂಡಕ್ಟರಿಗೆ ಅಂಜದೆ ನಮ್ಮೂರಿನ ನಿಲ್ದಾಣದಲ್ಲಿ ಇಳಿಯುವುದನ್ನು ಕಂಡ ನನಗೆ ಆ ವಾದದಲ್ಲಿ ಸಂದೇಹ ಉಳಿದಿಲ್ಲ. ಮೊಬೈಲಿನಿಂದ ಉಪಕಾರವೂ ಅಪಾಯವೂ ಸಮನಾಗಿ ಬಂದಿವೆ. ಮಹಿಳಾ ಸಹಾಯವಾಣಿ 181ಕ್ಕೆ ಕರೆಮಾಡಬಹುದು, ಅದೇ ಫೋನಿನಿಂದ ಅವಳಿರುವ ಜಾಗವನ್ನು ಗಂಡನೂ ಕಂಡುಹಿಡಿಯಬಹುದು. ಆದುದರಿಂದ ಬಂದವಳಿಗೆ ಊಟವಿಕ್ಕಿದ ಮೇಲೆ ನಾವು ಮಾಡುವ ಮೊದಲ ಕೆಲಸ ಫೋನಿನ ಲೊಕೇಶನ್ ನಿಲ್ಲಿಸುವುದು.

ಇಷ್ಟಾದರೂ ಕಾಯಿದೆಯ ಮಾತಿಗೂ ನಡೆವಳಿಗೂ ಅಂತರ ಬಹಳ. ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನಗಳೊಳಗೆ, ಇತ್ಯರ್ಥ ಅರುವತ್ತು ದಿನಗಳೊಳಗೆ ಎಂದು ಕೌಟುಂಬಿಕ ಹಿಂಸೆಯ ಕಾಯಿದೆಯ 12ನೆಯ ಕಲಮು ಹೇಳುತ್ತದೆ. ವಾಯಿದೆಯ ಮೇಲೆ ವಾಯಿದೆ ಬೀಳುವುದನ್ನು ನಾವು ನೋಡುತ್ತೇವೆ. ನಮ್ಮ ರಾಜ್ಯದಲ್ಲಿ ಈ ಕಾಯಿದೆಯ ಪ್ರಕಾರ ನೇಮಕವಾಗುವ ಸಂರಕ್ಷಣಾಧಿಕಾರಿಯ ಹೊಣೆಯನ್ನು ಹೊತ್ತಿರುವವರು ಬಹುಮಟ್ಟಿಗೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು (ಸಿ.ಡಿ.ಪಿ.ಒ.). ತಾಲ್ಲೂಕಿನ ಅಂಗನವಾಡಿಗಳ ಭಾರವನ್ನೆಲ್ಲ ಹೊತ್ತ ಆ ಅಧಿಕಾರಿ ವಿಚಾರಣೆಯ ನೋಟೀಸನ್ನು ಹಿಡಿದು ಹಳ್ಳಿಗೆ ಹೋಗುವುದು ಯಾವಾಗ? ಬೇರೆ ಹೊಣೆಯಿಲ್ಲದ ಒಬ್ಬ ಅಧಿಕಾರಿ ತಾಲ್ಲೂಕಿಗೊಬ್ಬರಂತೆ ಇರಲೇಬೇಕು. ವಾಸದ ಆದೇಶವನ್ನು ಕೈಯಲ್ಲಿ ಹಿಡಿದು ಹೋಗಿ, ಬಾಗಿಲಿಗೆ ಬೀಗ ಬಿದ್ದಿರುವುದನ್ನು ಕಂಡು, ಠಾಣೆಯಿಂದ ಯಾರೂ ಬಾರದ ಕಾರಣ ಮಕ್ಕಳೊಡನೆ ಮತ್ತೆ ನಮ್ಮಲ್ಲಿಗೇ ಮರಳಿದವರು ಈಗಲೂ ಇದ್ದಾರೆ. ಆ ಆದೇಶವನ್ನು ಜಾರಿಮಾಡಲು ನೆರವಾಗಬೇಕೆಂದು ಠಾಣಾಧಿಕಾರಿಗೆ ನ್ಯಾಯಾಧೀಶರು ನಿರ್ದೇಶನ ಕೊಡಬಹುದೆಂದು 19ನೆಯ ಕಲಮಿನಲ್ಲಿಯೇ ಇರುವುದರಿಂದ, ಅರ್ಜಿ ಬರೆಯುವಾಗಲೇ ಆ ಪ್ರಾರ್ಥನೆಯನ್ನೂ ಸೇರಿಸುವಂತೆ ವಕೀಲರಿಗೆ ನಾನು ಈಗ ತಪ್ಪದೆ ಹೇಳುತ್ತೇನೆ.